ಎರಡು ಬೆರಳಗಲ ಸಾಕು

ಮಂಡ್ಯದಲ್ಲಿ ನಮ್ಮ ಬೀದಿ ಕೊನೇಲಿ ಒಂದು ಚೌರದಂಗಡಿ ಇತ್ತು, ಭಾನುವಾರ ಅಪ್ಪನ ಜೊತೆ ಹೋಗಿ ಬೆಂಚ್ ಮೇಲೆ ಕೂತ್ಕೊಂಡು ನೋಡ್ತಿದ್ದೆ. ಅಲ್ಲಿದ್ದ ತಾತ ಕತ್ತೀನ ಮೊದ್ಲು ಚರ್ಮದ ಪಟ್ಟಿಗೆ, ಆಮೇಲೆ ಅಂಗೈಗೆ ಉಜ್ಜಿ, ಎಡಗೈ ಹೆಬ್ಬೆರಳಲ್ಲಿ ಅಪ್ಪನ ಕೆನ್ನೆ ಮೇಲಕ್ಕೆ ಜಗ್ಗಿ ಹಿಡ್ಕೊಂಡು, ಸರಕ್ ಸರಕ್ ಅಂತ ಚಿಕ್ಕ ಚಿಕ್ಕದಾಗಿ ಇಳಿಸೋರು. ಕಿವಿಯಿಂದ ದವಡೆವರೆಗೂ ಒಂದೇ ಸಲಕ್ಕೆ ಎಳೆದಿದ್ದು ನಾನು ನೋಡೇ ಇಲ್ಲ.

ಅದ್ಯಾಕೆ ಅಂತ ಗೊತ್ತಾಗಿದ್ದು ನಾನೇ ಕತ್ತಿ ಹಿಡಿದ್ಮೇಲೆ. ಮೈಸೂರಿಗೆ ಬಂದು ಮಡಚೋ ಕತ್ತೀಲಿ ಶೇವಿಂಗ್ ಶುರು ಮಾಡ್ದಾಗ ವಿಡಿಯೋ ನೋಡ್ಕೊಂಡು ಉದ್ದುದ್ದ ಎಳೀತಿದ್ದೆ, ಮೂರನೇ ದಿನಾನೇ ದವಡೆ ಮೂಳೆ ಮೇಲೆ ಗಾಯ ಆಯ್ತು. ಕತ್ತಿ ಮೊಂಡಾಗಿದೆ ಅನ್ಕೊಂಡು ಸಾಣೆ ಹಿಡಿಸ್ದೆ, ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ರಕ್ತ. ತಪ್ಪು ಕತ್ತೀದಾಗಿರ್ಲಿಲ್ಲ.

ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿರ್ಬೇಕು. ಲೆಕ್ಕ ಹೆಂಗೆ ಅಂದ್ರೆ, ಕತ್ತಿ ಬೆನ್ನು ಎಷ್ಟು ದಪ್ಪ ಇದೆಯೋ ಅದರ ಎರಡರಷ್ಟು ಸಂದಿ ಬೆನ್ನಿಗೂ ಚರ್ಮಕ್ಕೂ ನಡುವೆ ಇದ್ರೆ ಸರಿ. ತೀರಾ ಮಲಗಿಸಿದ್ರೆ ಕೂದ್ಲು ಕಿತ್ತಂಗಾಗುತ್ತೆ, ತೀರಾ ಎತ್ತಿದ್ರೆ ಚರ್ಮ ಹೆರೆಯುತ್ತೆ. ಕೆನ್ನೆ ಸಪಾಟಾಗಿದೆ, ದವಡೆ ಹತ್ರ ಬರ್ತಿದ್ದಂಗೆ ಮುಖ ಒಳಕ್ಕೆ ತಿರುಗುತ್ತೆ, ಆದ್ರೆ ಕೈ ಅದೇ ದಾರೀಲಿ ಬರ್ತಿರುತ್ತೆ, ಅಂದ್ರೆ ನಾವು ಮಣಿಕಟ್ಟು ಅಲ್ಲಾಡಿಸ್ದೇ ಇದ್ರೂ ಕೋನ ತಾನಾಗೇ ಬದಲಾಗಿರುತ್ತೆ. ಜೊತೆಗೆ ಎಡಗೈಲಿ ಜಗ್ಗಿ ಹಿಡಿದ ಬಿಗಿ ಕೂಡ ಮೂರ್ನಾಲ್ಕು ಸೆಂಟಿಮೀಟರ್ ದಾಟಿದ್ರೆ ಉಳಿಯಲ್ಲ, ಮುಂದಿನ ಚರ್ಮ ಸಡಿಲವಾಗಿ ಕತ್ತಿ ಬಾಯಿ ಮುಂದೆ ಮಡಿಕೆ ಬೀಳುತ್ತೆ, ಆ ಮಡಿಕೆಗೇ ಕತ್ತಿ ಕಚ್ಚೋದು.

ಅದಕ್ಕೇ ಎರಡು ಬೆರಳಗಲ ಎಳೆದು ಎತ್ತಿ, ಎಡಗೈ ಸರಿಸಿ, ಮತ್ತೆ ಜಗ್ಗಿ, ಕೋನ ನೋಡ್ಕೊಂಡು, ಮತ್ತೆ ಎರಡು ಬೆರಳಗಲ. ಗದ್ದ, ಮೀಸೆ ಜಾಗದಲ್ಲಿ ಅಷ್ಟೂ ಬೇಡ, ಅರ್ಧ ಬೆರಳು ಸಾಕು. ಒತ್ತೋದಂತೂ ಬೇಡ್ವೇ ಬೇಡ, ಕತ್ತಿ ಭಾರಾನೇ ಸಾಕು. ಅಡ್ಡಕ್ಕೆ ಮಾತ್ರ ಯಾವತ್ತೂ ಜಾರಿಸ್ಬೇಡಿ, ಟೊಮೇಟೊ ಕುಯ್ದಂಗೆ ಕುಯ್ಕೊಂಡು ಹೋಗುತ್ತೆ. ಕಿವಿ ಕೊಟ್ಟು ಕೇಳಿ: ಸರಿಯಾಗಿ ನಡೀತಿದ್ರೆ ಸಣ್ಣಗೆ ಕರಕರ ಅನ್ನುತ್ತೆ, ಸದ್ದು ನಿಂತು ತಡೆದಂಗಾದ್ರೆ ಅಲ್ಲೇ ಎತ್ತಿಬಿಡಿ.

ಮೊದಲನೇ ಸಲ ಕೂದ್ಲು ಬೆಳೆದ ದಿಕ್ಕಲ್ಲೇ. ಕುತ್ತಿಗೇಲಿ ಕೂದ್ಲು ಎತ್ತೆತ್ತಗೋ ತಿರುಗಿರುತ್ತೆ, ಬೆರಳಾಡಿಸಿ ನೋಡ್ಕೊಳ್ಳಿ. ಎದುರುಗೂದಲಿಗೆ ಹೋಗೋಕೆ ನಾನು ಒಂದು ವರ್ಷ ತಗೊಂಡೆ, ಆತುರ ಇಲ್ಲ. ಗಂಟಲ ಮಣಿ ಹತ್ರ ಚರ್ಮಾನ ಪಕ್ಕಕ್ಕೆ ಎಳ್ಕೊಂಡು ಸಪಾಟು ಮಾಡ್ಕೊಂಡ್ರೆ ಸುಲಭ.

ನೊರೆ ಬಗ್ಗೆ ಒಂದು ಮಾತು. ಊರಲ್ಲಿ ನಮ್ಮನೆ ಬೋರ್‌ವೆಲ್ ನೀರು ಗಡಸು, ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನ ಹಿಡ್ಕೊಂಡುಬಿಡುತ್ತೆ, ಎಷ್ಟು ಬ್ರಷ್ ತಿರುಗಿಸಿದ್ರೂ ನೊರೆ ನಿಲ್ಲಲ್ಲ. ಇಲ್ಲಿ ನಲ್ಲೀಲಿ ಬರೋ ಕಾವೇರಿ ನೀರಲ್ಲಿ ಅದೇ ಸೋಪು ಮೊಸರಿನಂಗೆ ಏಳುತ್ತೆ. ಊರಿಗೆ ಹೋಗುವಾಗ ಒಂದು ಬಾಟ್ಲಿ ಇಲ್ಲಿಂದಾನೇ ತಗೊಂಡೋಗ್ತೀನಿ.

ಚರ್ಮದ ಪಟ್ಟಿ ಮೇಲೆ ಕತ್ತೀನ ದಿನಾ ಮೂವತ್ತು ನಲವತ್ತು ಸಲ ಉಜ್ಬೇಕು, ಬೆನ್ನು ಮುಂದೆ ಬಾಯಿ ಹಿಂದೆ, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸ್ಬೇಕು. ಪಟ್ಟಿ ಜೋಲು ಬಿದ್ರೆ ಬಾಯಿ ದುಂಡಗಾಗುತ್ತೆ.

ಕೊನೇಲಿ ಪಟಿಕದ ಕಲ್ಲನ್ನ ಒದ್ದೆ ಮಾಡಿ ಉಜ್ತೀನಿ. ಎಲ್ಲಿ ಚುರ್ ಅನ್ನುತ್ತೋ ಅಲ್ಲಿ ಕೈ ತಪ್ಪಿದೆ ಅಂತ ಅರ್ಥ. ನಂಗೆ ಈಗ್ಲೂ ಬಲಗಡೆ ದವಡೆ ಕೆಳಗೆ ಚುರ್ ಅನ್ನುತ್ತೆ, ಎಡಗೈನ ತಲೆ ಮೇಲಿಂದ ತಂದು ಚರ್ಮ ಜಗ್ಗೋದು ಅಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ, ಈ ವಾರ ಅಲ್ಲಿ ಒಂದೇ ಬೆರಳಗಲಕ್ಕೆ ಇಳಿಸಿ ನೋಡ್ತಿದೀನಿ.