ಬೆಟ್ಟದ ಮೇಲೆ 5 ವ್ಯಾಟ್ ಸಾಕಾಗುತ್ತದೆಯೇ?

ಕುಮಾರ ಪರ್ವತದ ಹಾದಿಯಲ್ಲಿ ಗಿರಿಗದ್ದೆ ದಾಟಿ, ಕಲ್ಲು ಮಂಟಪದ ಹತ್ತಿರ ಉದ್ದನೆಯ ಕೋಲು ನಿಲ್ಲಿಸಿ ಆಂಟೆನಾ ತಂತಿ ಕಟ್ಟುತ್ತಿರುವ ನನ್ನನ್ನು ಕಂಡ ಚಾರಣಿಗರು ಮೊದಲು ಕೇಳುವುದು ‘ಇದು ಮೀನಿನ ಗಾಳವೇ?’ ಎಂದು. ಹವ್ಯಾಸಿ ರೇಡಿಯೊ ಎಂದು ವಿವರಿಸಿದ ಮೇಲೆ ಬರುವ ಎರಡನೆಯ ಪ್ರಶ್ನೆಯನ್ನು ಗೆಳೆಯರೂ, ಈಚೆಗೆ ಪರವಾನಗಿ ಪಡೆದ ಹೊಸ ಹ್ಯಾಮ್‌ಗಳೂ (ಹವ್ಯಾಸಿ ರೇಡಿಯೊದವರೂ) ಕೇಳುತ್ತಲೇ ಇರುತ್ತಾರೆ: ಸಣ್ಣದೊಂದು ಎಲ್‌ಇಡಿ ಬಲ್ಬು ಉರಿಸುವಷ್ಟು, ಅಂದರೆ ಬರೀ 5 ವ್ಯಾಟ್ ಶಕ್ತಿಯಲ್ಲಿ ಚೆನ್ನೈಗೆ, ಹೈದರಾಬಾದಿಗೆ ದನಿ ಮುಟ್ಟುವುದು ಹೇಗೆ? ಎತ್ತರದಲ್ಲಿ ಕುಳಿತಿರುವುದರಿಂದಲೇ?

ಎತ್ತರದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಿರುವುದು ಅಲ್ಲಿಯೇ. 145 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುವ, ಅಂಗೈಯಲ್ಲಿ ಹಿಡಿಯುವ ಸೆಟ್ಟಿಗೆ ಎತ್ತರವೇ ಸರ್ವಸ್ವ. ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆಯೆಂದು ತಿಳಿಯುತ್ತದೆ. ಕುಮಾರ ಪರ್ವತದ 1712 ಮೀಟರಿಗೆ ಅದು ಕಡಲಿನ ಕಡೆಗೆ ಸುಮಾರು 170 ಕಿ.ಮೀ. ಆಗುತ್ತದೆ, ಮಂಗಳೂರು ಅದರೊಳಗೆ ಸುಲಭವಾಗಿ ಬರುತ್ತದೆ. ಆದರೆ ನಾನು ಹೆಚ್ಚಾಗಿ ಬಳಸುವ 7 ಮೆಗಾಹರ್ಟ್ಸಿನ ಅಲೆಗಳು ಹೋಗುವ ದಾರಿಯೇ ಬೇರೆ. ನೆಲಕ್ಕೆ ಹತ್ತಿರವಾಗಿ ಕಟ್ಟಿದ ತಂತಿಯಿಂದ ಹೊರಟ ಅಲೆ ಬಹುಪಾಲು ನೆಟ್ಟಗೆ ಮೇಲಕ್ಕೇರಿ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದ ಅಯಾನುಗೋಳದಿಂದ (ವಾತಾವರಣದ ವಿದ್ಯುದಾವಿಷ್ಟ ಪದರದಿಂದ) ಬಾಗಿ, ಕೊಡೆಯ ಆಕಾರದಲ್ಲಿ ಸುತ್ತಲೂ ನಾಲ್ಕಾರು ನೂರು ಕಿಲೋಮೀಟರ್ ದೂರದವರೆಗಿನ ನೆಲದ ಮೇಲೆ ಇಳಿಯುತ್ತದೆ. ಅಷ್ಟು ಮೇಲಿರುವ ಆ ಪದರಕ್ಕೆ ನಾನು ಬೆಟ್ಟದ ನೆತ್ತಿಯಲ್ಲಿದ್ದರೂ ಒಂದೇ, ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿದ್ದರೂ ಒಂದೇ.

ಹಾಗಾದರೆ ಬೆಟ್ಟ ಕೊಡುವುದೇನು? ಮೌನ. ನಗರದ ನನ್ನ ಮನೆಯಲ್ಲಿ ಇನ್ವರ್ಟರ್, ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳ ಒಳಗಿನ ಸರ್ಕಿಟ್‌ಗಳು ಎಬ್ಬಿಸುವ ಗದ್ದಲದಿಂದ, ಸಂಕೇತದ ಬಲವನ್ನು ಅಂಕಗಳಲ್ಲಿ ತೋರಿಸುವ ರೇಡಿಯೊದ ಮುಳ್ಳು ಯಾರೂ ಮಾತನಾಡದಿದ್ದಾಗಲೂ 7ನೇ ಅಂಕದ ಬಳಿ ನಿಂತಿರುತ್ತದೆ. ಕಲ್ಲು ಮಂಟಪದ ಬಳಿ ಅದು 1ನ್ನೂ ಮುಟ್ಟುವುದಿಲ್ಲ. ಆದರೆ ಈ ಮೌನದಿಂದ ಸುಲಭವಾಗುವುದು ನಾನು ಇತರರನ್ನು ಕೇಳಿಸಿಕೊಳ್ಳುವುದೇ ಹೊರತು ಇತರರು ನನ್ನನ್ನು ಕೇಳಿಸಿಕೊಳ್ಳುವುದಲ್ಲ. ನನ್ನ 5 ವ್ಯಾಟ್ ಗೆಲ್ಲಬೇಕಾಗಿರುವುದು ಆ ತುದಿಯಲ್ಲಿ ಕುಳಿತವರ ಮನೆಯ ಗದ್ದಲವನ್ನು. ಹಲವು ಬಾರಿ ಚೆನ್ನೈಯವರ ಪ್ರತಿ ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳುತ್ತಿರುವಾಗ, ಅವರು ಮಾತ್ರ ‘ಇನ್ನೊಮ್ಮೆ ಹೇಳಿ’ ಎನ್ನುತ್ತಲೇ ಇರುತ್ತಾರೆ.

ಇನ್ನು ಶಕ್ತಿಯ ಲೆಕ್ಕ. 100 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ ಇಪ್ಪತ್ತರಲ್ಲಿ ಒಂದು ಪಾಲು ಉಳಿಯುತ್ತದೆ, ಅಂದರೆ 13 ಡೆಸಿಬೆಲ್ ನಷ್ಟ. ರೇಡಿಯೊದ ಮುಳ್ಳಿನ ಒಂದು ಅಂಕಕ್ಕೆ 6 ಡೆಸಿಬೆಲ್ ಎಂಬ ರೂಢಿಯಂತೆ, 9 ತೋರಿಸಬೇಕಿದ್ದ ಸಂಕೇತ 7ರ ಹತ್ತಿರಕ್ಕೆ ಇಳಿಯುತ್ತದೆ, ಅಷ್ಟೆ. (ನಮ್ಮವರಲ್ಲಿ ಕೇಳಿದರೂ ಕೇಳದಿದ್ದರೂ ಎಲ್ಲರಿಗೂ ‘59’ (ಮಾತು ಪೂರ್ತಿ ಸ್ಪಷ್ಟ, ಸಂಕೇತದ ಬಲ 9) ಕೊಟ್ಟುಬಿಡುವ ಧಾರಾಳತನ ಇರುವುದರಿಂದ ಈ ವ್ಯತ್ಯಾಸ ಸಂಪರ್ಕಗಳನ್ನು ಬರೆದಿಡುವ ಲಾಗ್ ಪುಸ್ತಕದಲ್ಲಿ ಕಾಣುವುದೇ ಇಲ್ಲ.) ಮಾತಿನ ಬದಲು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬಳಸಿದರೆ ಈ ನಷ್ಟದ ದೊಡ್ಡ ಭಾಗ ಮರಳಿ ಸಿಗುತ್ತದೆ: ಮಾತಿಗೆ ಸುಮಾರು 2400 ಹರ್ಟ್ಸ್ ಅಗಲದ ಜಾಗ ಬೇಕು, ಮೋರ್ಸಿಗೆ ಕೆಲವೇ ನೂರು ಹರ್ಟ್ಸ್ ಸಾಕು, ಆದ್ದರಿಂದ ಕೇಳುವವರು ಕಿರಿದಾದ ಫಿಲ್ಟರ್ ಹಾಕಿ ಉಳಿದ ಗದ್ದಲವನ್ನೆಲ್ಲ ಹೊರಗಿಡಬಹುದು. ಮೋರ್ಸ್ ಕಲಿಯಲು ಸೋಮಾರಿತನ ಪಡುವವರು ಇದರ ಬದಲು ಶಕ್ತಿ ಹೆಚ್ಚಿಸುತ್ತಾರೆ, ಅದರ ಜೊತೆಗೆ ಬ್ಯಾಟರಿಯ ತೂಕವನ್ನೂ ಹೊರುತ್ತಾರೆ. ನನ್ನ 12.8 ವೋಲ್ಟಿನ, 3 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರ್ಧ ಕಿಲೋಗಿಂತ ಹಗುರ, ಮತ್ತು ಅದು ಒಂದು ಬೆಳಗಿನ ಕೆಲಸಕ್ಕೆ ಧಾರಾಳವಾಗಿ ಸಾಕು.

ನನ್ನ ಮಟ್ಟಿಗೆ ನಿಜವಾದ ಶ್ರಮ ಸಲ್ಲಬೇಕಾದದ್ದು ತಂತಿಗೆ. 7.1 ಮೆಗಾಹರ್ಟ್ಸಿಗೆ ಅರ್ಧ ಅಲೆಯ ಉದ್ದದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತೋಳಿನ ಆಂಟೆನಾ) ಎಂದರೆ ಸುಮಾರು 20 ಮೀಟರ್, ಎರಡು ಕಡೆಗೆ ಹತ್ತತ್ತು. ಕಾಡು ಮುಗಿದು ಹುಲ್ಲುಗಾವಲು ಶುರುವಾದ ಮೇಲೆ ಕಟ್ಟಲು ಮರ ಸಿಗುವುದಿಲ್ಲ. ಆದ್ದರಿಂದ ಒಂದರೊಳಗೊಂದು ಮಡಚುವ 6 ಮೀಟರಿನ ಫೈಬರ್ ಗ್ಲಾಸ್ ಕೋಲನ್ನು ಬಂಡೆಗೆ ಆನಿಸಿ ಕಟ್ಟಿ, ಅದರ ತುದಿಯಿಂದ ಎರಡೂ ತಂತಿಗಳನ್ನು ಇಳಿಜಾರಾಗಿ ಎಳೆಯುತ್ತೇನೆ. ಕಾರ್ಬನ್ ಫೈಬರಿನ ಕೋಲು ವಿದ್ಯುತ್ ಹರಿಸುವುದರಿಂದ ಇದಕ್ಕೆ ಒಗ್ಗುವುದಿಲ್ಲ. ಒಮ್ಮೆ ಅರ್ಧ ದಿನ ಹತ್ತಿ ಬಂದ ಮೇಲೆ ನೋಡಿದರೆ ಕೇಬಲ್ಲಿನ ತುದಿಯಲ್ಲಿ ಒಂದು ಬಗೆಯ ಕನೆಕ್ಟರ್, ರೇಡಿಯೊದಲ್ಲಿ ಇನ್ನೊಂದು ಬಗೆಯದು. ನಡುವೆ ಹಾಕಬೇಕಿದ್ದ ಅಡಾಪ್ಟರ್ ಮನೆಯ ಮೇಜಿನ ಮೇಲೆ ಉಳಿದಿತ್ತು. ಕೇಬಲ್ಲಿನ ತುದಿಯನ್ನು ಚಾಕುವಿನಿಂದ ಕತ್ತರಿಸಿ, ನಡುವಿನ ತಂತಿಯನ್ನು ರೇಡಿಯೊದ ಕನೆಕ್ಟರಿನ ರಂಧ್ರಕ್ಕೆ ತುರುಕಿ, ಹೊರಗಿನ ಹೆಣಿಗೆಯನ್ನು ಬೂಟಿನ ಲೇಸಿನಿಂದ ಬಿಗಿದು ಆ ದಿನ ಏಳು ಸಂಪರ್ಕ ಮಾಡಿದೆ. ಅವುಗಳಲ್ಲಿ ಸುಮಾರು 600 ಕಿ.ಮೀ. ದೂರದ ಹೈದರಾಬಾದ್ ಕೂಡ ಒಂದು.

ಸಾಕಾಗದ ಹೊತ್ತೂ ಇದೆ. ನಡುಮಧ್ಯಾಹ್ನ ಅಯಾನುಗೋಳದ ಕೆಳಪದರ 7 ಮೆಗಾಹರ್ಟ್ಸಿನ ಅಲೆಯನ್ನು ಹೀರಿಕೊಳ್ಳುತ್ತದೆ, ಆಗ 5 ವ್ಯಾಟ್ ಸೋಲುತ್ತದೆ. ಹಾಗಾಗಿ ಬೆಳಿಗ್ಗೆ ಎಂಟರಿಂದ ಹತ್ತು ನನ್ನ ಮೆಚ್ಚಿನ ಸಮಯ. ಇದನ್ನು ಆಪತ್ತಿನ ಸಾಧನವೆಂದು ನಂಬಿ ಮೊಬೈಲನ್ನು ಮನೆಯಲ್ಲಿ ಬಿಟ್ಟು ಬರಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಹಾದಿ ಪುಷ್ಪಗಿರಿ ವನ್ಯಜೀವಿ ಧಾಮದೊಳಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಪ್ರಸಾರ ಮಾಡಲು ಹ್ಯಾಮ್ ಪರವಾನಗಿ ಬೇಕು. ಎರಡರ ಪ್ರತಿಯೂ ಚೀಲದಲ್ಲಿರಲಿ.

ಮಿಂಚಿನ ವಿಷಯ ಬೇರೆಯೇ. ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಆಕಾಶ ಇನ್ನೂ ತಿಳಿಯಾಗಿರುವಾಗಲೇ 7 ಮೆಗಾಹರ್ಟ್ಸಿನಲ್ಲಿ ಚಟಪಟ ಸದ್ದು ಶುರುವಾಗುತ್ತದೆ. ಆ ಸದ್ದು ತೀರ ದೂರದ ಮಿಂಚಿನದೂ ಆಗಿರಬಹುದು, ಹತ್ತಿರ ಬರುತ್ತಿರುವ ಮಳೆಯದೂ ಆಗಿರಬಹುದು. ಅದು ನಿಮಿಷನಿಮಿಷಕ್ಕೂ ಜೋರಾಗತೊಡಗಿದರೆ ಆ ಕಡೆಯವರ ಕಾಲ್‌ಸೈನ್ (ಪರವಾನಗಿಯ ಗುರುತಿನ ಹೆಸರು) ಅರ್ಧ ಬರೆದಿದ್ದರೂ ಬಿಟ್ಟು, ಮೊದಲು ಕೋಲು ಇಳಿಸಿ ತಂತಿ ಸುತ್ತಿಕೊಳ್ಳುತ್ತೇನೆ.