ಎರಡು ಕ್ಯಾಮೆರಾ, ಒಂದು ಮೇಕೆ ಕಣ್ಣು: ಮೂರನೇ ತಿಂಗಳು

ಈ ವಾರ ಕೊನೆಗೂ ಎರಡೂ ಕ್ಯಾಮೆರಾಗಳು ಒಂದೇ ಗಳಿಗೆಗೆ ಚಿತ್ರ ತೆಗೆಯಲು ಶುರು ಮಾಡಿದವು. ತುಂಬಾ ಖುಷಿಯಾಗಿದೆ.

ಹೊಸಬರಿಗೆ ಎರಡು ಮಾತು. ನಮ್ಮಕ್ಕನ ಮಗಳು ಕಣ್ಣಿನ ಆಪರೇಷನ್ ಕಲಿಯುತ್ತಿದ್ದಾಳೆ. ಮೇಕೆ ಕಣ್ಣಿನ ಮೇಲೆ ಹೊಲಿಗೆ ಅಭ್ಯಾಸ ಮಾಡಬೇಕು, ಆದರೆ ಮೈಕ್ರೋಸ್ಕೋಪ್ ಅವಳ ಪಾಲಿಗೆ ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಅದಕ್ಕೇ ಸೂಟ್‌ಕೇಸ್‌ನಲ್ಲಿ ಹಿಡಿಯುವ, ಆಳ ಕಾಣಿಸುವ ಜೋಡಿ ಕ್ಯಾಮೆರಾ ಕಟ್ಟುತ್ತಿದ್ದೇನೆ. ಇದು ಅಭ್ಯಾಸಕ್ಕೆ ಮಾತ್ರ, ರೋಗಿಗಳಿಗಲ್ಲ. ರಾಸ್ಪ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್, ಎರಡು ಗ್ಲೋಬಲ್ ಶಟರ್ ಕ್ಯಾಮೆರಾ (ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವಂಥವು), 7 ಇಂಚಿನ ಪರದೆ, ನೋಡಲು ಅದರ ಮುಂದೆ ಎರಡು ಲೆನ್ಸ್.

ಮೊದಲ ತೊಡಕು ಅಗಲದ್ದು. ಕ್ಯಾಮೆರಾ ಬೋರ್ಡ್ 38 ಮಿ.ಮೀ. ಇದೆ. ಪಕ್ಕಪಕ್ಕ ಇಟ್ಟರೆ ಲೆನ್ಸ್‌ಗಳ ನಡುವೆಯೂ ಅಷ್ಟೇ ದೂರ. ಕಣ್ಣು 200 ಮಿ.ಮೀ. ಕೆಳಗಿರುವಾಗ ಅದು ಜಾಸ್ತಿಯಾಯಿತು. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗುಡ್ಡದ ಹಾಗೆ ಉಬ್ಬಿ ಕಾಣುತ್ತಿತ್ತು. ನನಗೆ 24 ಸಾಕಿತ್ತು. ಹಾಗಾಗಿ ಕ್ಯಾಮೆರಾಗಳನ್ನು ಎದುರುಬದುರು ಮಲಗಿಸಿ, ಮಧ್ಯೆ 45 ಡಿಗ್ರಿಯಲ್ಲಿ ಎರಡು ಪುಟ್ಟ ಕನ್ನಡಿ ನಿಲ್ಲಿಸಿದೆ. ಮಾಮೂಲಿ ಕನ್ನಡಿ ಇಲ್ಲಿ ನಡೆಯುವುದಿಲ್ಲ. ಗಾಜಿನ ಮೇಲ್ಮೈಯಿಂದ ಒಂದು, ಹಿಂದಿನ ಲೇಪದಿಂದ ಇನ್ನೊಂದು ಬಿಂಬ ಬಂದು ದಾರ ಎರಡೆರಡಾಗಿ ಕಾಣುತ್ತದೆ. ಲೇಪ ಮುಂಭಾಗದಲ್ಲೇ ಇರುವ ಕನ್ನಡಿ ತರಿಸಿದ ಮೇಲೆ ಸರಿಹೋಯಿತು.

ಆಮೇಲೆ ಅವಳ ದೂರು: "ಮಾಮ, ಸೂಜಿ ತೇಲ್ತಾ ಇದೆ."

ಎರಡು ದಿನ ಫೋಕಸ್ ತಿರುಗಿಸಿದೆ. ತಪ್ಪು ಅಲ್ಲಿರಲಿಲ್ಲ. ಸೆಕೆಂಡಿಗೆ 60 ಫ್ರೇಮ್ ಓಡುವಾಗ ಎಡ, ಬಲ ಕ್ಯಾಮೆರಾಗಳ ನಡುವೆ 8 ಮಿಲಿಸೆಕೆಂಡ್‌ವರೆಗೂ ಹೆಚ್ಚುಕಮ್ಮಿ ಆಗಬಹುದು. ಸೂಜಿ ಅಡ್ಡಡ್ಡ ಸೆಕೆಂಡಿಗೆ 30 ಮಿ.ಮೀ. ಸರಿದರೆ ಅಷ್ಟರಲ್ಲಿ ಕಾಲು ಮಿ.ಮೀ. ಮುಂದೆ ಹೋಗಿರುತ್ತದೆ. ನಮ್ಮ ಮಿದುಳು ಅದನ್ನು ಆಳ ಅಂತ ಓದಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಸುಮಾರು 2 ಮಿ.ಮೀ. ಸುಳ್ಳು ಆಳ! ಮನುಷ್ಯರ ಕಣ್ಣಲ್ಲಿ ಕಾರ್ನಿಯಾ ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ನಡುವಿನ ಜಾಗವೇ ಸುಮಾರು 3 ಮಿ.ಮೀ. ಅಲ್ವಾ? ಮೆಗಾಪಿಕ್ಸೆಲ್‌ಗಿಂತ ಎರಡೂ ಒಂದೇ ಗಳಿಗೆಗೆ ಚಿತ್ರ ತೆಗೆಯುವುದು ಮುಖ್ಯ ಅಂತ ಆಗ ಮನಸ್ಸಿಗೆ ನಾಟಿತು.

ಈಗ ಒಂದು ಪೈ ಪಿಕೋ (ಪುಟ್ಟ ಕಂಟ್ರೋಲರ್ ಬೋರ್ಡ್) ಎರಡಕ್ಕೂ ಒಟ್ಟಿಗೆ ಟ್ರಿಗರ್, ಅಂದರೆ ಚಿತ್ರ ತೆಗೆಯುವ ಸಂಕೇತ, ಕೊಡುತ್ತಿದೆ. ಪಿಕೋದಿಂದ ಬರುವುದು 3.3 ವೋಲ್ಟ್, ಕ್ಯಾಮೆರಾಗೆ ಬೇಕಿರುವುದು 1.8. ವೋಲ್ಟೇಜ್ ಇಳಿಸಲು ನಡುವೆ 1.5 ಮತ್ತು 1.8 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೇನೆ. ನೇರವಾಗಿ ಮಾತ್ರ ಕೊಡಬೇಡಿ.

ಬಲಗಡೆ ಕನ್ನಡಿ ಇನ್ನೂ ಕೂದಲೆಳೆಯಷ್ಟು ಮೇಲೆ ವಾಲಿದೆ. ಹತ್ತು ನಿಮಿಷ ನೋಡಿದರೆ ತಲೆ ನೋಯುತ್ತದೆ. ಅದಕ್ಕೊಂದು ಸಣ್ಣ ಸ್ಕ್ರೂ ಕೂರಿಸಬೇಕು, ಶನಿವಾರದೊಳಗೆ. ಭಾನುವಾರ ಬೆಳಿಗ್ಗೆ ಬೇಗ ಮಟನ್ ಅಂಗಡಿಗೆ ಹೋಗಬೇಕು, ತಡವಾದರೆ ಕಾರ್ನಿಯಾ ಮಬ್ಬಾಗಿಬಿಡುತ್ತದೆ.