ಕಂಪಾಸ್ ಪೆಟ್ಟಿಗೆಯಲ್ಲಿ ಐದು ಗುಳಿಗೆ: ಸಂಜೆ ಕ್ಲಾಸಿನ ಎಂಟನೇ ವಾರ

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡಿಮೆ. ಆ ಅಂಕಿ ನೋಡಿಯೇ ನಾವು ಪುಸ್ತಕ ಹೊತ್ತುಕೊಂಡು ಈ ಹಳ್ಳಿಗೆ ಬಂದಿದ್ದು. ಆದರೆ ಸಂಜೆ ಕ್ಲಾಸಿಗೆ ಬರುವ ಶಾಲೆಯ ಹೆಣ್ಣುಮಕ್ಕಳು ಏಳಕ್ಕೇ ತೂಕಡಿಸುತ್ತಿದ್ದರು. ಹತ್ತಿ ಬಿಡಿಸಿ ದಣಿದಿರಬೇಕು ಅಂದುಕೊಂಡೆವು. ನಮ್ಮ ಜೊತೆ ಬರುವ ನರ್ಸ್ ಅಕ್ಕ ಒಬ್ಬೊಬ್ಬರ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇಲ್ಲ, ಬಿಳಚಿಕೊಂಡಿತ್ತು.

ಎರಡನೇ ವಾರ ಬೆರಳು ಚುಚ್ಚಿ ಹಿಮೋಗ್ಲೋಬಿನ್, ಅಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಅಂಶ ಎಷ್ಟಿದೆ ಅಂತ ನೋಡಿದೆವು. ಈ ವಯಸ್ಸಿಗೆ ನೂರು ಮಿಲಿ ರಕ್ತದಲ್ಲಿ 12 ಗ್ರಾಂ ಆದರೂ ಇರಬೇಕು. ಅವತ್ತಿನ ಅಂಕಿಗಳನ್ನೆಲ್ಲ ಆಮೇಲೆ ಹೊಡೆದುಹಾಕಬೇಕಾಯಿತು. ರಕ್ತ ಸಾಲದೆ ನಾನು ಬೆರಳು ಹಿಂಡಿದ್ದೆ. ಹಿಂಡಿದರೆ ರಕ್ತಕ್ಕೆ ಮೈಯ ನೀರೂ ಸೇರಿ ಅಂಕಿ ಕಡಿಮೆ ತೋರಿಸುತ್ತದೆ. ಮರುವಾರ ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ, ಮೊದಲ ಹನಿ ಒರೆಸಿ, ತಾನಾಗಿ ಬಂದ ಹನಿ ತೆಗೆದೆವು. ಆಗಲೂ ಜಾಸ್ತಿ ಜನ 12 ಮುಟ್ಟಲಿಲ್ಲ.

ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಗುಳಿಗೆ ಕೊಡುತ್ತಾರಲ್ಲ, ಮತ್ತೆ ಯಾಕೆ ಹೀಗೆ? ಕೇಳಿದರೆ ಎಲ್ಲರೂ ಸುಮ್ನೆ ನೆಲ ನೋಡಿದರು. ಕೊನೆಗೆ ಒಂಬತ್ತನೇ ಕ್ಲಾಸಿನ ಹುಡುಗಿ ಕಂಪಾಸ್ ಪೆಟ್ಟಿಗೆ ತೆರೆದಳು. ಮುರಿದ ಸ್ಕೇಲಿನ ಕೆಳಗೆ ಐದು ಗುಳಿಗೆ, ಪೆನ್ಸಿಲ್ ಪುಡಿ ಮೆತ್ತಿಕೊಂಡು.

“ತಿಂದ್ರ ಹೊಟ್ಟಿ ತೊಳಸ್ತದ್ರೀ ಅಕ್ಕಾರ. ಸಂಡಾಸ ಕರ್ರಗ ಆಗ್ತದ. ಅವ್ವ ಹೆದರಿ ಬ್ಯಾಡ ಅಂದಾಳ.”

ಮುಂದಿನ ಕ್ಲಾಸಿಗೆ ತಾಯಂದಿರನ್ನೂ ಕರೆದೆವು. ಕಪ್ಪಾಗುವುದು ಕಬ್ಬಿಣದಿಂದ, ಹೆದರಬೇಡಿ ಅಂತ ನರ್ಸ್ ಅಕ್ಕ ಹೇಳಿದರು. ಖಾಲಿ ಹೊಟ್ಟೆಗೆ ಬೇಡ, ಬಿಸಿಯೂಟ ಆದ ಮೇಲೆ ನುಂಗಲಿ. ಚಹಾದ ಮಾತು ಬಂದಾಗ ಮಾತ್ರ ಗಲಾಟೆಯೇ ಆಯಿತು. ರೊಟ್ಟಿ, ಪುಂಡಿಪಲ್ಯ ತಿಂದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಂತ ಚಹಾನೇ ಬಿಡಿ ಅಂದರೆ ಯಾರು ಕೇಳ್ತಾರೆ, ಅಲ್ವಾ? ಒಂದು ಗಂಟೆ ಬಿಟ್ಟು ಕುಡಿಯಿರಿ ಅಂದೆವು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಇದಕ್ಕೆ ಎಲ್ಲರೂ ಒಪ್ಪಿದರು.

ಬರಿಗಾಲಲ್ಲಿ ಹೊಲಕ್ಕೆ ಹೋದರೆ ಕೊಕ್ಕೆಹುಳ ಪಾದದಿಂದಲೇ ಒಳಗೆ ಹೋಗಿ ರಕ್ತ ಹೀರುತ್ತದೆ. ಜಂತುಹುಳದ ಮಾತ್ರೆ ತಪ್ಪಿಸಿಕೊಂಡವರ ಹೆಸರು ಆಶಾ ಅಕ್ಕನಿಗೆ ಕೊಟ್ಟಿದ್ದೇವೆ. ಚಪ್ಪಲಿಗೆ ದುಡ್ಡು ಇನ್ನೂ ಕೂಡಿಲ್ಲ.

ಈ ವಾರ ತೂಕಡಿಕೆ ಕಡಿಮೆ ಅನಿಸಿತು. ಆದರೆ ಅನಿಸಿಕೆ ನಂಬುವುದಿಲ್ಲ, ಹನ್ನೆರಡನೇ ವಾರ ಮತ್ತೆ ರಕ್ತ ನೋಡುತ್ತೇವೆ. ಅಷ್ಟರಲ್ಲಿ ತೊಗರಿ ರಾಶಿ ಮುಗಿದಿರುತ್ತದೆ, ಕೆಲವರು ಮನೆಯವರ ಜೊತೆ ಗುಳೆ ಹೊರಡುತ್ತಾರೆ. ಅವರ ಪಾಲಿನ ಗುಳಿಗೆ ಮೊದಲೇ ಕಟ್ಟಿಕೊಡಲು ಆಗುತ್ತದಾ ಅಂತ ಸೋಮವಾರ ಶಾಲೆಗೆ ಹೋಗಿ ಕೇಳಬೇಕು.